ಹಸಿದ ಮೈಯೊಳಗಿನ ಉರಿ

1929ರಲ್ಲಿ ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ ಆಫ್ರಿಕಾದ ಗೋಲ್ಡ್ ಕೋಸ್ಟಿಗೆ, ಅಂದರೆ ಇಂದಿನ ಘಾನಾಕ್ಕೆ, ಕೆಲಸಕ್ಕೆ ಬಂದಿಳಿದರು. ಜಮೈಕದಲ್ಲಿ ಹುಟ್ಟಿ ಆಕ್ಸ್‌ಫರ್ಡಿನಲ್ಲಿ ಓದಿದ ಅವರಿಗೆ ಅಕ್ರಾದ ಮಕ್ಕಳ ಆಸ್ಪತ್ರೆಯಲ್ಲಿ ಒಂದು ವಿಚಿತ್ರ ಕಾಯಿಲೆ ಕಾಣಿಸಿತು. ಒಂದರಿಂದ ನಾಲ್ಕು ವರ್ಷದೊಳಗಿನ ಮಕ್ಕಳು. ಕೈಕಾಲು ಊದಿರುತ್ತಿದ್ದವು, ಚರ್ಮ ಕಪ್ಪಗಾಗಿ ಹಪ್ಪಳೆಯೆದ್ದು ಕಳಚುತ್ತಿತ್ತು, ಭೇದಿ ನಿಲ್ಲುತ್ತಿರಲಿಲ್ಲ. ಮುಟ್ಟಿದರೆ ಸಿಡಿಮಿಡಿ, ಬಿಟ್ಟರೆ ಮಂಕು. ಸತ್ತ ಮಕ್ಕಳ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಂಡಿರುತ್ತಿತ್ತು. ಹೆಚ್ಚಿನವರು ತಾಯಿ ಮತ್ತೆ ಬಸುರಿಯಾದಾಗ ಎದೆಹಾಲು ಬಿಟ್ಟು, ಮುಸುಕಿನ ಜೋಳದ ಗಂಜಿಯೊಂದನ್ನೇ ನಂಬಿ ಬದುಕಿದ್ದವರು.

ವಿಲಿಯಮ್ಸ್ 1933ರಲ್ಲಿ ಇದನ್ನು ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬರೆದರು. ಉಷ್ಣವಲಯದ ಕಾಯಿಲೆಗಳಲ್ಲಿ ದೊಡ್ಡ ಹೆಸರಾಗಿದ್ದ ಹ್ಯೂ ಸ್ಟಾನಸ್ ಮರುವರ್ಷವೇ ‘ಇದು ಹೊಸದೇನಲ್ಲ, ಪೆಲಾಗ್ರ ಎಂಬ ಹಳೆಯ ಕಾಯಿಲೆಯೇ’ ಎಂದು ತಳ್ಳಿಹಾಕಿದರು. ವಿಲಿಯಮ್ಸ್ ಸುಮ್ಮನಾಗಲಿಲ್ಲ. 1935ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಮತ್ತೆ ಬರೆದರು. ಈ ಸಲ ಅಲ್ಲಿನ ಗಾ ಭಾಷೆಯ ಹೆಂಗಸರು ಕರೆಯುತ್ತಿದ್ದ ಹೆಸರನ್ನೇ ಕಾಯಿಲೆಗೆ ಇಟ್ಟರು: ಕ್ವಾಶಿಯೋರ್ಕರ್.

ಕಾಯಿಲೆಯನ್ನು ಕಂಡವರಲ್ಲಿ ಅವರು ಮೊದಲಿಗರಲ್ಲ. 1906ರ ಹೊತ್ತಿಗೇ ಜರ್ಮನಿಯ ಮಕ್ಕಳ ವೈದ್ಯರು ಬರೀ ಹಿಟ್ಟಿನ ಗಂಜಿ ಕುಡಿದು ಊದಿಕೊಳ್ಳುವ ಶಿಶುಗಳನ್ನು ವರ್ಣಿಸಿದ್ದರು. 1926ರಲ್ಲಿ ವಿಯೆಟ್ನಾಂನ ಅನ್ನಾಮ್ ಸೀಮೆಯ ಊತದ ಬಗ್ಗೆ ನೋರ್ಮೆ ಎಂಬ ಫ್ರೆಂಚ್ ವೈದ್ಯ ಬರೆದಿದ್ದರು. ಆದರೆ ಊಟದ ಕೊರತೆ, ಊತ, ಸಾವು ಈ ಮೂರನ್ನೂ ಒಂದೇ ದಾರದಲ್ಲಿ ಪೋಣಿಸಿ ಜಗತ್ತಿನ ಮುಂದಿಟ್ಟವರು ವಿಲಿಯಮ್ಸ್. ಅಲ್ಲಿಂದ ಮುಂದೆ ಸುಮಾರು ಅರ್ಧ ಶತಮಾನ ವೈದ್ಯರೆಲ್ಲ ಒಂದೇ ಪ್ರಶ್ನೆ ಕೇಳಿದರು: ಈ ಮಗುವಿನ ತಟ್ಟೆಯಲ್ಲಿ ಏನು ಕಡಿಮೆಯಾಗಿತ್ತು? ಮಗುವಿನ ಮೈಯೊಳಗೆ ಏನು ನಡೆಯುತ್ತಿದೆ ಎಂಬ ಪ್ರಶ್ನೆಗೆ ಸರದಿ ಬರುವುದು ತಡವಾಯಿತು. ಆ ತಡಕ್ಕೆ ಬೆಲೆ ತೆತ್ತವರು ಮಕ್ಕಳು.

ಸುಳಿವು ಬೇಗನೆ ಸಿಕ್ಕಿತ್ತು. ಸಿಕ್ಕ ಜಾಗ ಮಾತ್ರ ಘೋರವಾದದ್ದು. 1942ರ ಫೆಬ್ರುವರಿಯಲ್ಲಿ, ನಾಜಿಗಳು ಗೋಡೆ ಕಟ್ಟಿ ಯಹೂದಿಗಳನ್ನು ಕೂಡಿಹಾಕಿದ್ದ ವಾರ್ಸಾ ಗೆಟ್ಟೋದಲ್ಲಿ, ಇಸ್ರೇಲ್ ಮಿಲೆಯ್ಕೊವ್ಸ್ಕಿ ಅವರ ಮುಂದಾಳತ್ವದಲ್ಲಿ ಯಹೂದಿ ವೈದ್ಯರ ಗುಂಪೊಂದು ಹಸಿವಿನ ಅಧ್ಯಯನಕ್ಕೆ ಇಳಿಯಿತು. ವೈದ್ಯರೂ ಹಸಿದಿದ್ದರು. ಮಕ್ಕಳ ವಿಭಾಗದ ಕೆಲಸ ನೋಡಿಕೊಂಡವರು ಮಕ್ಕಳ ಆಸ್ಪತ್ರೆಯ ಮುಖ್ಯಸ್ಥೆ ಅನ್ನಾ ಬ್ರೌಡೆ-ಹೆಲ್ಲರ್. ಆ ವರ್ಷದ ಜುಲೈನಲ್ಲಿ ಜನರನ್ನು ರೈಲಿಗೆ ತುಂಬಿ ಸಾವಿನ ಶಿಬಿರಗಳಿಗೆ ಸಾಗಿಸುವುದು ಶುರುವಾದಾಗ ಕೆಲಸ ನಿಂತಿತು. ಬರೆದಿಟ್ಟ ಹಾಳೆಗಳು ಗುಟ್ಟಾಗಿ ಹೊರಹೋಗಿ, ಯುದ್ಧ ಮುಗಿದ ಮೇಲೆ 1946ರಲ್ಲಿ ಪುಸ್ತಕವಾದವು. ಬರೆದವರಲ್ಲಿ ಹೆಚ್ಚಿನವರು ಆ ಹೊತ್ತಿಗೆ ಬದುಕಿರಲಿಲ್ಲ.

ಅವರು ದಾಖಲಿಸಿದ ಸಂಗತಿಗಳಲ್ಲಿ ಒಂದು ಹೀಗಿದೆ. ಕ್ಷಯ ತಗುಲಿದ ಮಕ್ಕಳ ಚರ್ಮಕ್ಕೆ ಟ್ಯುಬರ್‌ಕ್ಯುಲಿನ್ ಚುಚ್ಚಿದರೆ ಆ ಜಾಗ ಕೆಂಪಾಗಿ ದಪ್ಪವಾಗಬೇಕು. ಹಸಿದ ಮಕ್ಕಳಲ್ಲಿ ಅದು ಏಳುತ್ತಲೇ ಇರಲಿಲ್ಲ. ಅಲರ್ಜಿಯ ಕಾಯಿಲೆಗಳೂ ಕಾಣದಾಗಿದ್ದವು. ರೋಗ ಒಳಗಿದ್ದರೂ ಮೈ ಅದನ್ನು ಹೊರಗೆ ತೋರಿಸುತ್ತಿರಲಿಲ್ಲ. ತೀವ್ರ ಅಪೌಷ್ಟಿಕತೆಯ ಮಗುವಿಗೆ ರಕ್ತದಲ್ಲಿ ಸೋಂಕು ಹರಡಿದ್ದರೂ ಜ್ವರ ಬಾರದಿರಬಹುದು, ಮೈ ತಣ್ಣಗಾಗಬಹುದು ಎಂದು ಇಂದಿನ ವೈದ್ಯ ವಿದ್ಯಾರ್ಥಿ ಕಲಿಯುವ ಪಾಠಕ್ಕೆ ಇಷ್ಟು ಹಿಂದಿನ ಬೇರಿದೆ.

ಎರಡನೆಯ ಪಾಠವೂ ಅದೇ ಯುದ್ಧದ್ದು. 1945ರ ಏಪ್ರಿಲ್ 15ರಂದು ಬ್ರಿಟಿಷ್ ಸೇನೆ ಬೆರ್ಗೆನ್-ಬೆಲ್ಸೆನ್ ಶಿಬಿರವನ್ನು ಬಿಡಿಸಿತು. ಸೈನಿಕರು ಮರುಕದಿಂದ ತಮ್ಮ ಡಬ್ಬಿಯ ಮಾಂಸವನ್ನೇ ಹಂಚಿದರು. ಬಡಕಲಾದ ಹೊಟ್ಟೆಗಳಿಗೆ ಅದು ವಿಷವಾಯಿತು. ಟೈಫಸ್, ಭೇದಿ, ಹಸಿವು ಮೂರೂ ಸೇರಿ, ಬಿಡುಗಡೆಯ ನಂತರವೇ 13,000ಕ್ಕೂ ಹೆಚ್ಚು ಜನ ತೀರಿಕೊಂಡರು. 1943ರ ಬಂಗಾಳದ ಬರಗಾಲದಲ್ಲಿ ಪ್ರಯೋಗಿಸಿ ನೋಡಿದ್ದ, ಪ್ರೋಟೀನನ್ನು ಒಡೆದು ಮಾಡಿದ ದ್ರಾವಣವನ್ನು ಇಲ್ಲಿಯೂ ಪರೀಕ್ಷಿಸಲು ಲಂಡನ್ನಿನಿಂದ ಜ್ಯಾನೆಟ್ ವಾನ್ ಎಂಬ ವೈದ್ಯೆ ಬಂದರು. ಶಿಬಿರದಲ್ಲಿ ಸೂಜಿಯೆಂದರೆ ಸಾವೆಂದೇ ತಿಳಿದಿದ್ದ ರೋಗಿಗಳು ಸೂಜಿ ಕಂಡರೆ ಚೀರುತ್ತಿದ್ದರು. ಬಾಯಿಯ ಮೂಲಕ ಸ್ವಲ್ಪ ಸ್ವಲ್ಪ ಹಾಲು ಕೊಡುವುದೇ ಮೇಲು ಎಂಬ ತೀರ್ಮಾನಕ್ಕೆ ವಾನ್ ಬಂದರು.

ಯುದ್ಧ ಮುಗಿದ ಮೇಲೆ ಜಗತ್ತು ಈ ಎಚ್ಚರಿಕೆಯ ಮಾತುಗಳನ್ನು ಪಕ್ಕಕ್ಕಿಟ್ಟು ಪ್ರೋಟೀನಿನ ಬೆನ್ನುಹತ್ತಿತು. 1952ರಲ್ಲಿ ಬ್ರಾಕ್ ಮತ್ತು ಓತ್ರೆ ಎಂಬಿಬ್ಬರು ಆಫ್ರಿಕಾ ಸುತ್ತಿ ವಿಶ್ವ ಆರೋಗ್ಯ ಸಂಸ್ಥೆಗೆ ವರದಿ ಕೊಟ್ಟರು: ಪೋಷಣೆಗೆ ಸಂಬಂಧಿಸಿದ ಕಾಯಿಲೆಗಳಲ್ಲಿ ಕ್ವಾಶಿಯೋರ್ಕರ್‌ನಷ್ಟು ಗಂಭೀರವಾದದ್ದೂ ವ್ಯಾಪಕವಾದದ್ದೂ ಇನ್ನೊಂದಿಲ್ಲ, ಪ್ರೋಟೀನ್ ಕೊರತೆಯೇ ಅದರ ಮೂಲ. 1955ರಲ್ಲಿ ವಿಶ್ವಸಂಸ್ಥೆಯ ಆಶ್ರಯದಲ್ಲಿ ಪ್ರೋಟೀನಿಗೆಂದೇ ಸಲಹಾ ಮಂಡಳಿ ಹುಟ್ಟಿತು.

ಆ ಅಲೆ ಮೈಸೂರಿಗೂ ಬಂತು. 1950ರ ಅಕ್ಟೋಬರಿನಲ್ಲಿ ಚೆಲುವಾಂಬ ಅರಮನೆಯಲ್ಲಿ ಬಾಗಿಲು ತೆರೆದ ಸಿಎಫ್‌ಟಿಆರ್‌ಐ, ಅಂದರೆ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಗೆ, ಬೆಂಗಳೂರಿನ ವಿಜ್ಞಾನ ಸಂಸ್ಥೆಯಿಂದ ಬಂದ ವಿ. ಸುಬ್ರಹ್ಮಣ್ಯನ್ ಮೊದಲ ನಿರ್ದೇಶಕರು. ಅವರ ತಂಡ ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟು ಮುಕ್ಕಾಲು ಪಾಲು, ಕಡಲೆ ಹಿಟ್ಟು ಕಾಲು ಪಾಲು ಬೆರೆಸಿ, ಮೇಲೆ ಜೀವಸತ್ವ ಮತ್ತು ಸುಣ್ಣದಂಶ ಸೇರಿಸಿ ‘ಇಂಡಿಯನ್ ಮಲ್ಟಿಪರ್ಪಸ್ ಫುಡ್’ ತಯಾರಿಸಿತು. ಹಾಲು ಕೊಳ್ಳಲಾಗದ ಮನೆಗೆ ಗಾಣದ ಹಿಂಡಿಯಿಂದಲೇ ಪ್ರೋಟೀನ್ ಒದಗಿಸುವ ಲೆಕ್ಕಾಚಾರ ಅದು. ಎಮ್ಮೆ ಹಾಲಿನಿಂದ ಶಿಶು ಆಹಾರ ಮಾಡುವ ವಿಧಾನ ರೂಪುಗೊಂಡದ್ದೂ ಅಲ್ಲೇ. ಮುಂದೆ ಹಾಲಿಗೆ ಕಡಲೆಕಾಯಿಯ ಪ್ರೋಟೀನ್ ಬೆರೆಸಿದ ‘ಮಿಲ್ಟೋನ್’ ಸಿಎಫ್‌ಟಿಆರ್‌ಐನಿಂದ ಬಂತು. ಹಾಲಿಗೆ ಬರವಿದ್ದ ಕಾಲದ ದೇಶಕ್ಕೆ ಇದು ದೊಡ್ಡ ಕೆಲಸವೇ. ಆದರೆ ಸಾಯುವ ಸ್ಥಿತಿಯಲ್ಲಿ ಆಸ್ಪತ್ರೆಗೆ ಬಂದ ಮಗುವಿಗೆ ಬೇಕಿದ್ದದ್ದು ಬೇರೆಯೇ ಇತ್ತು.

ಪ್ರೋಟೀನ್ ಸಿದ್ಧಾಂತಕ್ಕೆ ಮೊದಲ ಬಲವಾದ ಪೆಟ್ಟು ಭಾರತದಿಂದಲೇ ಬಿತ್ತು. ಕೂನೂರಿನ ಪೋಷಣಾ ಪ್ರಯೋಗಾಲಯ 1958ರಲ್ಲಿ ಹೈದರಾಬಾದಿಗೆ ಬಂದಿತ್ತು. ಅಲ್ಲಿನ ಸಿ. ಗೋಪಾಲನ್ ಊದಿಕೊಂಡು ಬರುವ ಮಕ್ಕಳ ಮನೆಯೂಟವನ್ನೂ, ಊತವಿಲ್ಲದೆ ಎಲುಬಿನ ಹಂದರವಾಗಿ ಬರುವ ಮಕ್ಕಳ ಮನೆಯೂಟವನ್ನೂ ಹೋಲಿಸಿ ನೋಡಿದರು. ಪ್ರೋಟೀನ್ ಲೆಕ್ಕದಲ್ಲಿ ವ್ಯತ್ಯಾಸವೇ ಸಿಗಲಿಲ್ಲ. ಒಂದೇ ಊಟ, ಎರಡು ಕಾಯಿಲೆ! ಕೊರತೆಗೆ ಒಗ್ಗಿಕೊಂಡ ಮೈ ಬಡಕಲಾಗುತ್ತದೆ, ಒಗ್ಗಿಕೊಳ್ಳಲಾರದೆ ಸೋತ ಮೈ ಊದಿಕೊಳ್ಳುತ್ತದೆ ಎಂದು 1968ರಲ್ಲಿ ಗೋಪಾಲನ್ ಬರೆದರು. ಅದೇ ವರ್ಷ ವಿಶ್ವಸಂಸ್ಥೆ ಮಾತ್ರ ‘ಬರಲಿರುವ ಪ್ರೋಟೀನ್ ಬಿಕ್ಕಟ್ಟಿನ’ ಬಗ್ಗೆ ವರದಿ ತಂದಿತು. 1974ರಲ್ಲಿ ಡೊನಾಲ್ಡ್ ಮೆಕ್‌ಲ್ಯಾರನ್ ‘ಲ್ಯಾನ್ಸೆಟ್’ನಲ್ಲಿ ಇಡೀ ಪ್ರಕರಣವನ್ನು ಮಹಾ ಎಡವಟ್ಟು ಎಂದು ಕಟುವಾಗಿ ಟೀಕಿಸಿದ ಮೇಲೆ ಉತ್ಸಾಹ ಇಳಿಯಿತು.

ಊಟವಲ್ಲದಿದ್ದರೆ ಇನ್ನೇನು? ಉತ್ತರದ ಒಂದು ತುಂಡು ಗ್ವಾಟೆಮಾಲದಲ್ಲಿತ್ತು. ಅಲ್ಲಿನ ಪೋಷಣಾ ಸಂಸ್ಥೆಯನ್ನು ಕಟ್ಟಿದ ನೆವಿನ್ ಸ್ಕ್ರಿಮ್‌ಷಾ, ಮಸ್ಸೂರಿಯಲ್ಲಿ ಹುಟ್ಟಿ ಪಂಜಾಬಿನ ಹಳ್ಳಿಗಳಲ್ಲಿ ಕೆಲಸ ಮಾಡಿದ ಕಾರ್ಲ್ ಟೇಲರ್, ಸಾಂಕ್ರಾಮಿಕ ರೋಗತಜ್ಞ ಜಾನ್ ಗಾರ್ಡನ್ ಮೂವರೂ ಸೇರಿ 1959ರಲ್ಲಿ ಒಂದು ಲೇಖನ, 1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ಒಂದು ಗ್ರಂಥ ಬರೆದರು. ಅಪೌಷ್ಟಿಕತೆ ಸೋಂಕನ್ನು ಕರೆಯುತ್ತದೆ, ಸೋಂಕು ಅಪೌಷ್ಟಿಕತೆಯನ್ನು ಹೆಚ್ಚಿಸುತ್ತದೆ, ಎರಡನ್ನೂ ಬೇರೆಬೇರೆ ಖಾತೆಗೆ ಹಾಕಿ ಲೆಕ್ಕ ಬರೆಯಲಾಗದು ಎಂಬುದು ಅವರ ವಾದ. ಅದೇ ದೇಶದ ಸಾಂತಾ ಮರಿಯಾ ಕಾವ್ಕೆ ಎಂಬ ಹಳ್ಳಿಯಲ್ಲಿ ಲಿಯೊನಾರ್ಡೊ ಮಾಟಾ 1964ರಿಂದ ಹುಟ್ಟಿದ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ ತೂಕ ಬರೆದಿಟ್ಟರು. ಭೇದಿ, ದಡಾರ, ಕೆಮ್ಮು ಬಂದಾಗಲೆಲ್ಲ ತೂಕದ ಗೆರೆ ಕುಸಿಯುತ್ತಿತ್ತು. ಒಂದು ಕಾಯಿಲೆಯಿಂದ ಚೇತರಿಸಿಕೊಳ್ಳುವ ಮೊದಲೇ ಇನ್ನೊಂದು ಬರುತ್ತಿತ್ತು.

ಇನ್ನೊಂದು ತುಂಡು ಪ್ರಯೋಗಾಲಯಗಳಲ್ಲಿ ಚದುರಿಬಿದ್ದಿತ್ತು. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಟಿಲ್ಲೆಟ್ ಮತ್ತು ಫ್ರಾನ್ಸಿಸ್, ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಕಾಯಿಲೆ ಜೋರಾದಾಗ ಮಾತ್ರ ಕಾಣಿಸಿಕೊಂಡು ವಾಸಿಯಾದಾಗ ಮರೆಯಾಗುವ ಒಂದು ವಸ್ತುವನ್ನು ಕಂಡಿದ್ದರು. ಇಂದು ಜಿಲ್ಲಾಸ್ಪತ್ರೆಯಲ್ಲೂ ‘ಸಿಆರ್‌ಪಿ ಎಷ್ಟು ಬಂದಿದೆ?’ ಎಂದು ಕೇಳುವುದು ಅದರ ಬಗ್ಗೆಯೇ. ಅದೇ ದಶಕದಲ್ಲಿ ಗ್ಲಾಸ್ಗೋದ ಡೇವಿಡ್ ಕತ್ಬರ್ಟ್‌ಸನ್, ಕಾಲುಮೂಳೆ ಮುರಿದ ರೋಗಿಗಳ ಮೂತ್ರದಲ್ಲಿ ಹೋಗುವ ಸಾರಜನಕವನ್ನು ಅಳೆದು ಬೆರಗಾದರು. ಮುರಿದದ್ದು ಒಂದು ಮೂಳೆ, ಕರಗುತ್ತಿದ್ದದ್ದು ಇಡೀ ಮೈಯ ಮಾಂಸ.

ಇವುಗಳ ಹಿಂದಿನ ಕಾರಣ ನಿಧಾನವಾಗಿ ಬಯಲಾಯಿತು. ಸೋಂಕು ತಗುಲಿದಾಗ ಯಕೃತ್ತು ತನ್ನ ದಿನನಿತ್ಯದ ಕೆಲಸ ಬದಲಿಸುತ್ತದೆ. ಊರಿಗೆ ಬೆಂಕಿ ಬಿದ್ದಾಗ ನೇಗಿಲು ಬಿಟ್ಟು ಕೊಡಪಾನ ಹಿಡಿದು ಓಡುವ ರೈತನ ಹಾಗೆ, ರಕ್ತದ ಆಲ್ಬುಮಿನ್ ತಯಾರಿಸುವುದನ್ನು ತಗ್ಗಿಸಿ ಸಿಆರ್‌ಪಿಯಂಥ ರಕ್ಷಣಾ ಪ್ರೋಟೀನುಗಳನ್ನು ತಯಾರಿಸಲು ನಿಲ್ಲುತ್ತದೆ. ಅದಕ್ಕೆ ಬೇಕಾದ ಸಾಮಗ್ರಿ ಸ್ನಾಯುಗಳನ್ನು ಕರಗಿಸಿ ಬರುತ್ತದೆ. ಆದ್ದರಿಂದ ಮಗುವಿನ ಆಲ್ಬುಮಿನ್ ಕಡಿಮೆಯಿದ್ದರೆ ಅದು ಬರೀ ಊಟದ ಕೊರತೆಯ ಗುರುತಲ್ಲ, ಒಳಗೆ ಉರಿಯೂತ ನಡೆಯುತ್ತಿರುವುದರ ಗುರುತೂ ಹೌದು. 1985ರಲ್ಲಿ ರಾಕ್‌ಫೆಲರಿನಲ್ಲೇ ಬ್ರೂಸ್ ಬಾಯ್ಟ್ಲರ್ ಮತ್ತು ಆಂಥೊನಿ ಸೆರಾಮಿ, ಪರಾವಲಂಬಿ ಸೋಂಕಿನಿಂದ ಪ್ರಾಣಿಗಳು ಸೊರಗಲು ಕಾರಣವಾದ ಅಣುವನ್ನು ಬೇರ್ಪಡಿಸಿ ನೋಡಿದರೆ, ಅದು ಉರಿಯೂತದ ಮುಖ್ಯ ಸಂದೇಶವಾಹಕವಾದ ಟಿಎನ್‌ಎಫ್‌ ಆಗಿತ್ತು. ಮೈಯನ್ನು ಸೊರಗಿಸುವುದೂ ಸೋಂಕಿನ ಆಘಾತಕ್ಕೆ ತಳ್ಳುವುದೂ ಒಂದೇ ಅಣುವಿನ ಕೆಲಸವಾಗಿತ್ತು.

ಈ ತುಂಡುಗಳೆಲ್ಲ ಒಂದುಗೂಡಿದ್ದು ಜಮೈಕದಲ್ಲಿ. ಜಾನ್ ವಾಟರ್ಲೋ ಎಂಬ ಬ್ರಿಟಿಷ್ ವೈದ್ಯರು 1950ರ ದಶಕದಲ್ಲಿ ಕಿಂಗ್‌ಸ್ಟನ್ನಿನ ವಿಶ್ವವಿದ್ಯಾಲಯದ ಆವರಣದಲ್ಲಿ ಉಷ್ಣವಲಯದ ಚಯಾಪಚಯ ಸಂಶೋಧನಾ ಘಟಕ ಕಟ್ಟಿದರು. ಅಲ್ಲಿ ಮಕ್ಕಳನ್ನು ಗಂಟೆಗಂಟೆಗೂ ಗಮನಿಸಿ, ತೂಗಿ, ಅಳೆದು, ಉಣಿಸಲಾಯಿತು. ಹಸಿವಿನಲ್ಲಿ ಮೈ ತನ್ನ ಎಲ್ಲ ಯಂತ್ರಗಳನ್ನೂ ಮಂದಗೊಳಿಸಿರುತ್ತದೆ ಎಂಬುದು ಗೊತ್ತಾಯಿತು. ಹೃದಯ ದುರ್ಬಲ, ಮೂತ್ರಪಿಂಡ ಮಂದ, ಜೀವಕೋಶಗಳ ಒಳಗೆ ಪೊಟ್ಯಾಸಿಯಂ ಖಾಲಿ, ಸೋಡಿಯಂ ಭರ್ತಿ. ಇಂಥ ಮಗುವಿಗೆ ಡ್ರಿಪ್ ಹಾಕಿದರೆ ಹೃದಯ ಸೋಲಬಹುದು. ಒಮ್ಮೆಲೇ ಹೊಟ್ಟೆತುಂಬ ಉಣಿಸಿದರೆ ಇನ್ಸುಲಿನ್ ಏರಿ, ರಕ್ತದಲ್ಲಿ ಉಳಿದಿರುವ ಚೂರುಪಾರು ಪೊಟ್ಯಾಸಿಯಂ ಮತ್ತು ಫಾಸ್ಫೇಟ್ ಜೀವಕೋಶಗಳ ಒಳಗೆ ನುಗ್ಗಿ ಜೀವಕ್ಕೇ ಸಂಚಕಾರ. ಮೈಕೆಲ್ ಗೋಲ್ಡನ್ ಮತ್ತು ಜೊತೆಗಾರರು 1980ರಲ್ಲಿ ತೋರಿಸಿದ್ದು ಇನ್ನೂ ವಿಚಿತ್ರ: ಆಲ್ಬುಮಿನ್ ಏರುವ ಮೊದಲೇ, ಪ್ರೋಟೀನ್ ಕಡಿಮೆಯಿರುವ ಆಹಾರದಲ್ಲೇ ಮಕ್ಕಳ ಊತ ಇಳಿಯುತ್ತಿತ್ತು. ಐವತ್ತು ವರ್ಷದ ನಂಬಿಕೆಯ ತಳಪಾಯವೇ ಅಲುಗಿತು.

ಗೋಲ್ಡನ್ ಊತಕ್ಕೆ ಬೇರೆ ಕಾರಣ ಸೂಚಿಸಿದರು. ಸೋಂಕು ಮತ್ತು ಉರಿಯೂತದಲ್ಲಿ ಹುಟ್ಟುವ ಫ್ರೀ ರ‍್ಯಾಡಿಕಲ್‌ಗಳನ್ನು ತಣಿಸುವ ಶಕ್ತಿ ಈ ಮಕ್ಕಳಲ್ಲಿ ಬತ್ತಿರುತ್ತದೆ, ಅದರಿಂದ ಜೀವಕೋಶಗಳ ಪೊರೆ ಹಾಳಾಗುತ್ತದೆ ಎಂದರು. ಕೇಳಲು ಸೊಗಸಾಗಿತ್ತು. ಹಾಗಾದರೆ ತಣಿಸುವ ಪೋಷಕಾಂಶಗಳನ್ನು ಮೊದಲೇ ಕೊಟ್ಟು ಕಾಯಿಲೆ ತಡೆಯಬಹುದಲ್ಲ? ಮಲಾವಿಯಲ್ಲಿ 2,372 ಮಕ್ಕಳ ಮೇಲೆ ಅದನ್ನು ಪರೀಕ್ಷಿಸಿದ ಪ್ರಯೋಗದ ಫಲಿತಾಂಶ 2005ರಲ್ಲಿ ಪ್ರಕಟವಾಯಿತು. ಏನೂ ಪ್ರಯೋಜನವಾಗಿರಲಿಲ್ಲ.

ಸಿದ್ಧಾಂತ ಗಟ್ಟಿಯಾಗದಿದ್ದರೂ ಚಿಕಿತ್ಸೆಯ ಕ್ರಮ ಗಟ್ಟಿಯಾಗಿತ್ತು. 1996ರಲ್ಲಿ ಕ್ಲೇರ್ ಸ್ಕೋಫೀಲ್ಡ್ ಮತ್ತು ಆನ್ ಆಶ್‌ವರ್ತ್ ಹಳೆಯ ವರದಿಗಳನ್ನೆಲ್ಲ ಒಟ್ಟುಮಾಡಿ ಕಹಿ ಲೆಕ್ಕ ಮುಂದಿಟ್ಟಿದ್ದರು: 1950ರ ದಶಕದಿಂದಲೂ ತೀವ್ರ ಅಪೌಷ್ಟಿಕತೆಯಿಂದ ಆಸ್ಪತ್ರೆ ಸೇರಿದ ಮಕ್ಕಳಲ್ಲಿ ಶೇ 20ರಿಂದ 30ರಷ್ಟು ಸಾಯುತ್ತಲೇ ಬಂದಿದ್ದರು, ಊತವಿದ್ದವರಲ್ಲಿ ಕೆಲವೆಡೆ ಶೇ 50 ದಾಟಿತ್ತು. ಔಷಧಿ, ಸಲಕರಣೆ ಎಷ್ಟೋ ಬದಲಾಗಿದ್ದರೂ ಈ ಸಂಖ್ಯೆ ಕದಲಿರಲಿಲ್ಲ. ಕಾರಣಗಳಲ್ಲಿ ಬಹುಪಾಲು ವಾರ್ಡಿನೊಳಗಿನವೇ. ಮೊದಲ ದಿನವೇ ಹೆಚ್ಚು ಪ್ರೋಟೀನಿನ ಊಟ, ಊತ ಇಳಿಸಲು ಮೂತ್ರ ಹೋಗಿಸುವ ಔಷಧಿ, ರಕ್ತಹೀನತೆಗೆ ತಕ್ಷಣ ಕಬ್ಬಿಣ, ರಾತ್ರಿ ಊಟವೇ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಹೊರತಂದ ಕೈಪಿಡಿ, ಅದರ ಬೆನ್ನಿಗೆ ಬಂದ ಹತ್ತು ಹೆಜ್ಜೆಗಳ ಮಾರ್ಗಸೂಚಿ ಇದನ್ನೆಲ್ಲ ತಲೆಕೆಳಗು ಮಾಡಿದವು. ಮೊದಲು ರಕ್ತದ ಸಕ್ಕರೆ ಇಳಿಯದಂತೆ, ಮೈ ತಣ್ಣಗಾಗದಂತೆ ನೋಡಿಕೊಳ್ಳಬೇಕು. ನಿರ್ಜಲೀಕರಣವಿದ್ದರೆ ಸೋಡಿಯಂ ಕಡಿಮೆ ಇರುವ ದ್ರಾವಣವನ್ನು ಬಾಯಿಯಿಂದಲೇ ಕೊಡಬೇಕು. ಜ್ವರ ಇರಲಿ ಬಿಡಲಿ, ಸೋಂಕು ಇದೆಯೆಂದೇ ತಿಳಿದು ದಾಖಲಾದ ಪ್ರತಿ ಮಗುವಿಗೂ ಆಂಟಿಬಯೋಟಿಕ್. ಎಚ್ಚರದಿಂದ ಉಣಿಸುವುದು ಏಳನೆಯ ಹೆಜ್ಜೆ. ಆರಂಭದ ಆಹಾರ ಎಫ್-75: 100 ಮಿಲಿಲೀಟರಿಗೆ 75 ಕ್ಯಾಲೊರಿ, ಪ್ರೋಟೀನ್ ಒಂದು ಗ್ರಾಮಿಗೂ ಕಡಿಮೆ. ಎರಡು ಮೂರು ಗಂಟೆಗೊಮ್ಮೆ, ಹಗಲೂ ರಾತ್ರಿಯೂ. ಹಸಿವು ಮರಳಿದ ಮೇಲಷ್ಟೇ ಎಫ್-100. ಕಬ್ಬಿಣವನ್ನು ಮೊದಲ ದಿನಗಳಲ್ಲಿ ಮುಟ್ಟುವಂತಿಲ್ಲ, ಅದು ಸೋಂಕನ್ನು ಬೆಳೆಸಬಹುದು.

ಢಾಕಾದ ಭೇದಿ ರೋಗ ಸಂಶೋಧನಾ ಕೇಂದ್ರದಲ್ಲಿ ಇಂಥದೇ ಒಂದು ಕ್ರಮ ಪಾಲಿಸಿದಾಗ ಸಾವಿನ ಪ್ರಮಾಣ ಶೇ 17ರಿಂದ ಶೇ 9ಕ್ಕೆ ಇಳಿದದ್ದು 1999ರಲ್ಲಿ ವರದಿಯಾಯಿತು. ಹೊಸ ಔಷಧಿಯೇನೂ ಬಂದಿರಲಿಲ್ಲ. ಇದ್ದದ್ದನ್ನೇ ಸರಿಯಾದ ಸರದಿಯಲ್ಲಿ ಕೊಟ್ಟಿದ್ದರು, ಅಷ್ಟೆ. ಭಾರತದ ಜಿಲ್ಲಾಸ್ಪತ್ರೆಗಳಲ್ಲಿ, ಕರ್ನಾಟಕದಲ್ಲೂ, ಇರುವ ಪೌಷ್ಟಿಕ ಪುನಶ್ಚೇತನ ಕೇಂದ್ರಗಳು ನಡೆಯುವುದು ಇದೇ ಹತ್ತು ಹೆಜ್ಜೆಯ ಮೇಲೆ. ರಟ್ಟೆಯ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದು, ಜೊತೆಗೆ ಕಾಯಿಲೆಯೂ ಇರುವ ಮಗುವನ್ನು ತಾಯಿಯೊಂದಿಗೆ ಸೇರಿಸಿಕೊಳ್ಳುತ್ತಾರೆ. ಆರಂಭದ ಆಹಾರವನ್ನು ಕೇಂದ್ರದ ಅಡುಗೆಮನೆಯಲ್ಲೇ ಹಾಲು, ಸಕ್ಕರೆ, ಎಣ್ಣೆ ಬೆರೆಸಿ ಮಾಡಬಹುದು. ಭೇದಿಯಿರುವ ಮಗುವಿಗೆ ಅದರಲ್ಲಿ ಮಂಡಕ್ಕಿ ಪುಡಿಯೂ ಸೇರುತ್ತದೆ. ತಾಯಿಯ ಕೂಲಿ ನಷ್ಟಕ್ಕೆ ದಿನದ ಭತ್ಯೆಯುಂಟು. ಹಸಿದು ಬಂದ ಮಗುವಿಗೆ ಇಷ್ಟೇ ಇಷ್ಟು ಹಾಲು ಏಕೆ ಎಂದು ಅಜ್ಜಿಯರು ಕೇಳಿದರೆ, ಅದಕ್ಕೆ ಉತ್ತರ ಬೆಲ್ಸೆನ್ನಿನಿಂದ ಕಿಂಗ್‌ಸ್ಟನ್ನಿನವರೆಗೆ ಹರಡಿದೆ.

ಇತ್ತ ಸಿರಿವಂತ ದೇಶಗಳ ಮಕ್ಕಳ ಐಸಿಯುಗಳೂ ಸುತ್ತುಬಳಸಿ ಅದೇ ಜಾಗಕ್ಕೆ ಬಂದವು. ಕರುಳು ಕೆಲಸ ಮಾಡದ ಶಿಶುವಿಗೆ ರಕ್ತನಾಳದ ಮೂಲಕವೇ ಪೂರ್ತಿ ಆಹಾರ ಕೊಟ್ಟು ಬೆಳೆಸಬಹುದೆಂದು ಸ್ಟ್ಯಾನ್ಲಿ ಡಡ್ರಿಕ್ ಮತ್ತು ಡಗ್ಲಸ್ ವಿಲ್ಮೋರ್ 1968ರಲ್ಲಿ ಫಿಲಡೆಲ್ಫಿಯಾದಿಂದ ವರದಿ ಮಾಡಿದರು. ಅದೊಂದು ಪವಾಡವೇ ಆಗಿತ್ತು. ಕ್ರಮೇಣ, ಐಸಿಯುಗೆ ಬಂದ ಮಗುವಿನ ಕ್ಯಾಲೊರಿ ಲೆಕ್ಕವನ್ನು ಮೊದಲ ದಿನದಿಂದಲೇ ಭರ್ತಿ ಮಾಡಬೇಕೆಂಬ ರೂಢಿ ಬೆಳೆಯಿತು. ಬೆಲ್ಜಿಯಂನ ಲೂವೆನ್, ನೆದರ್ಲೆಂಡ್ಸಿನ ರಾಟರ್‌ಡ್ಯಾಂ, ಕೆನಡಾದ ಎಡ್ಮಂಟನ್ ಆಸ್ಪತ್ರೆಗಳು 1,440 ಮಕ್ಕಳಲ್ಲಿ ಈ ರೂಢಿಯನ್ನು ಪರೀಕ್ಷಿಸಿದವು. 2016ರಲ್ಲಿ ಹೊರಬಂದ ಉತ್ತರ ಇದು: ಮೊದಲ ದಿನದಿಂದಲೇ ನಾಳದ ಮೂಲಕ ಆಹಾರ ಪಡೆದವರಲ್ಲಿ ಶೇ 18.5ರಷ್ಟು ಮಕ್ಕಳಿಗೆ ಹೊಸ ಸೋಂಕು ತಗುಲಿತು, ಒಂದು ವಾರ ಕಾದವರಲ್ಲಿ ಶೇ 10.7ರಷ್ಟು. ಕಾದ ಮಕ್ಕಳು ಐಸಿಯುನಿಂದ ಬೇಗ ಹೊರಬಂದರು. ಉರಿಯೂತದ ಭರದಲ್ಲಿರುವ ಮೈಗೆ ಆಹಾರ ತುಂಬಿದ ಮಾತ್ರಕ್ಕೆ ಅದು ಮಾಂಸವಾಗುವುದಿಲ್ಲ.

ಮಲಾವಿಯ ಅವಳಿ ಮಕ್ಕಳು ಇನ್ನೊಂದು ಒಗಟನ್ನು ತಂದಿಟ್ಟರು. 317 ಅವಳಿ ಜೋಡಿಗಳನ್ನು ಮೂರು ವರ್ಷದವರೆಗೆ ಗಮನಿಸಿದ ಅಧ್ಯಯನವೊಂದು 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಶೇ 43ರಷ್ಟು ಜೋಡಿಗಳಲ್ಲಿ ಒಂದು ಮಗು ಕಾಯಿಲೆ ಬಿದ್ದರೆ ಇನ್ನೊಂದು ಚೆನ್ನಾಗಿತ್ತು. ಅದೇ ತಾಯಿ, ಅದೇ ಮನೆ, ಅದೇ ಮುಸುಕಿನ ಜೋಳದ ಗಂಜಿ. ಬೇರೆಯಾಗಿದ್ದದ್ದು ಕರುಳಿನ ಸೂಕ್ಷ್ಮಜೀವಿಗಳು. ಅದೇ ವರ್ಷ ಅದೇ ದೇಶದ 2,767 ಮಕ್ಕಳ ಅಧ್ಯಯನದಲ್ಲಿ, ಆಸ್ಪತ್ರೆ ಸೇರದೆ ಮನೆಯಲ್ಲೇ ಪೌಷ್ಟಿಕ ಆಹಾರ ತಿನ್ನುತ್ತಿದ್ದವರಿಗೆ ಅಮಾಕ್ಸಿಸಿಲಿನ್ ಕೂಡ ಕೊಟ್ಟಾಗ ಸಾವು ಶೇ 7.4ರಿಂದ ಶೇ 4.8ಕ್ಕೆ ಇಳಿಯಿತು. ಆ ಪೌಷ್ಟಿಕ ಆಹಾರ ಯಾವುದು? ಕಡಲೆಕಾಯಿ ಪೇಸ್ಟು, ಹಾಲಿನ ಪುಡಿ, ಸಕ್ಕರೆ, ಎಣ್ಣೆ. 1950ರ ದಶಕದಲ್ಲಿ ಮೈಸೂರು ನೆಚ್ಚಿಕೊಂಡಿದ್ದ ಕಡಲೆಕಾಯಿಯನ್ನು 1990ರ ದಶಕದಲ್ಲಿ ಫ್ರಾನ್ಸಿನ ಆಂಡ್ರೆ ಬ್ರಿಯಾನ್ ಹೊಸ ರೂಪದಲ್ಲಿ ಪೊಟ್ಟಣಕ್ಕೆ ಇಳಿಸಿದ್ದರು.

ಮಲಾವಿಯ ಬ್ಲಾಂಟೈರ್ ಆಸ್ಪತ್ರೆಯಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನ, ದಾಖಲಾದ ಅಪೌಷ್ಟಿಕ ಮಕ್ಕಳ ಸಾವಿಗೂ ಕರುಳಿನ ಮತ್ತು ಇಡೀ ಮೈಯ ಉರಿಯೂತಕ್ಕೂ ನಂಟಿದೆ ಎಂದು ತೋರಿಸಿತು. ಕೆನ್ಯಾದ ಕಿಲಿಫಿಯಲ್ಲಿ, ದೊಡ್ಡವರ ಕರುಳಿನ ಉರಿಯೂತಕ್ಕೆ ಬಳಸುವ ಮೆಸಲಜೀನ್ ಔಷಧಿಯನ್ನು 44 ಅಪೌಷ್ಟಿಕ ಮಕ್ಕಳ ಪುಟ್ಟ ಪ್ರಯೋಗದಲ್ಲಿ ಕೊಟ್ಟು ನೋಡಿದ್ದಾರೆ. ಅಪಾಯವೇನೂ ಕಾಣಲಿಲ್ಲ, ಆದರೆ ಅದು ಜೀವ ಉಳಿಸುತ್ತದೆಯೇ ಎಂದು ಹೇಳಲು ಅಷ್ಟು ಚಿಕ್ಕ ಪ್ರಯೋಗ ಸಾಲದು. ಆಸ್ಪತ್ರೆಯಿಂದ ಹೊರಟ ಮಕ್ಕಳಿಗೆ ತಿಂಗಳುಗಟ್ಟಲೆ ಕೋಟ್ರಿಮಾಕ್ಸಜೋಲ್ ಕೊಟ್ಟ ಪ್ರಯೋಗ 1,778 ಮಕ್ಕಳಲ್ಲಿ ನಡೆಯಿತು, ಸಾವು ಇಳಿಯಲಿಲ್ಲ.

2022ರಲ್ಲಿ ಆಫ್ರಿಕಾ ಮತ್ತು ದಕ್ಷಿಣ ಏಷ್ಯಾದ ಆರು ದೇಶಗಳ ಒಂಬತ್ತು ಆಸ್ಪತ್ರೆಗಳಿಂದ ಬಂದ ಲೆಕ್ಕ ಈ ಚರ್ಚೆಯನ್ನು ವಾರ್ಡಿನ ಬಾಗಿಲಾಚೆಗೆ ಎಳೆದಿದೆ. ಎರಡು ವರ್ಷದೊಳಗಿನ, ಕಾಯಿಲೆಯಿಂದ ದಾಖಲಾದ 3,101 ಮಕ್ಕಳಲ್ಲಿ 350 ಮಕ್ಕಳು ಆರು ತಿಂಗಳೊಳಗೆ ತೀರಿಕೊಂಡರು. ಅವರಲ್ಲಿ 168 ಮಕ್ಕಳು, ಅಂದರೆ ಹತ್ತಿರಹತ್ತಿರ ಅರ್ಧ, ಡಿಸ್ಚಾರ್ಜ್ ಆದ ಮೇಲೆ ಸತ್ತವರು. ಹತ್ತು ಹೆಜ್ಜೆಗಳಲ್ಲಿ ಕೊನೆಯದು ಮನೆಗೆ ಹೋದ ಮಗುವನ್ನು ಬೆನ್ನುಬಿಡದೆ ನೋಡಿಕೊಳ್ಳುವುದು. ನಮ್ಮ ಕೇಂದ್ರಗಳಲ್ಲಿ ಅದರ ಭಾರ ಬೀಳುವುದು ಊರಿನ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರ ಮೇಲೆ. ಹದಿನೈದು ದಿನಕ್ಕೊಮ್ಮೆ ಮಗುವನ್ನು ಮತ್ತೆ ತೂಕಕ್ಕೆ ಕರೆತರಿಸಬೇಕು. ಕೂಲಿ ಬಿಟ್ಟು ಬರಲು ತಾಯಿಗೆ ಆಗದಿದ್ದರೆ ಆ ತೂಕ ದಾಖಲಾಗುವುದಿಲ್ಲ, ಮಗುವಿನ ಮೈಯಲ್ಲಿ ಏನಾಗುತ್ತಿದೆ ಎಂಬುದು ಕೇಂದ್ರಕ್ಕೆ ತಿಳಿಯುವುದೂ ಇಲ್ಲ.